ಸೈಕಲ್ಲಿಗೊಂದು ಚಿಕ್ಕ, ಅಮ್ಮನಿಗೊಂದು ಚಿಕ್ಕ

ಮಗು ಬಂದ ದಿನದಿಂದ "ಮಾಮಾ, ಮಾಮಾ" ಅಂತ ಒಂದೇ ಸಮನೆ ಅಳುತ್ತಿತ್ತು. ನಾವು ಬಹಳ ಬುದ್ಧಿವಂತರು ನೋಡಿ, ತರೀಕೆರೆಯಲ್ಲಿದ್ದ ನಮ್ಮಣ್ಣನಿಗೆ ಹೇಳಿಕಳಿಸಿದೆವು. ಸೋದರಮಾವ ತಾನೆ, ಮಾಮನನ್ನೇ ಕೇಳುತ್ತಿದೆ ಅಂದುಕೊಂಡೆವು. ಅಣ್ಣ ಕೆಲಸಕ್ಕೆ ರಜಾ ಹಾಕಿ, ಬಿಸ್ಕತ್ತಿನ ಪೊಟ್ಟಣ ಹಿಡಿದುಕೊಂಡು, ಅಜ್ಜಂಪುರದ ಬಸ್ಸು ಹತ್ತಿ ಬಂದ. "ಬಂದ ನೋಡು ನಿನ್ ಮಾಮ" ಅಂತ ಅಮ್ಮ ಮಗುವನ್ನು ಅವನ ತೊಡೆ ಮೇಲೆ ಕೂರಿಸಿದಳು. ಮಗು ಅವನ ಮೀಸೆ ನೋಡಿತು, ನಮ್ಮೆಲ್ಲರ ಮುಖ ನೋಡಿತು. ಆಮೇಲೆ ಕಿರುಚಿದ್ದು ಕಿರುಚಿದ್ದೇ, ಬೀದಿಯವರೆಲ್ಲ ಬಾಗಿಲಿಗೆ ಬಂದುಬಿಟ್ಟರು. ಕಿರುಚಿ ಕಿರುಚಿ ಸುಸ್ತಾಗಿ ಮಲಗಿತು. ಎದ್ದ ಮೇಲೆ ಬಾಯಿ ಮುಚ್ಚಿಕೊಂಡಿತು. ಅಳುವೂ ಇಲ್ಲ, ಮಾತೂ ಇಲ್ಲ.

ಅದು ನಮ್ಮಕ್ಕನ ಮಗು. ಎಪ್ಪತ್ತರ ದಶಕ ಮುಗಿಯುತ್ತಾ ಬಂದಿತ್ತು. ಓದಿದ ಮೇಷ್ಟ್ರುಗಳು ಆಫ್ರಿಕಾಕ್ಕೆ ಕೆಲಸಕ್ಕೆ ಹೋಗುವ ಸುದ್ದಿ ಅಲ್ಲಿ ಇಲ್ಲಿ ಕೇಳಿಬರುತ್ತಿದ್ದ ಕಾಲ. ಸಖರಾಯಪಟ್ಟಣದ ನಮ್ಮ ಭಾವನೂ ಗಣಿತದ ಮೇಷ್ಟ್ರಾಗಿ ಟಾಂಜಾನಿಯಾಕ್ಕೆ ಹೋದರು, ಅಕ್ಕನನ್ನು ಕರೆದುಕೊಂಡು. ಮಗು ಹುಟ್ಟಿದ್ದು ಅಲ್ಲೇ. ಹೆರಿಗೆಯಾದಾಗಿನಿಂದ ಅಕ್ಕ ನೆಟ್ಟಗಾಗಲೇ ಇಲ್ಲ. ಆಸ್ಪತ್ರೆ, ಮನೆ, ಮತ್ತೆ ಆಸ್ಪತ್ರೆ. ಮಗುವನ್ನು ಸಾಕಿದ್ದು ಅಲ್ಲಿನ ಆಯಾ, ಹಾಗಾಗಿ ಮಗುವಿನ ಬಾಯಿಗೆ ಹತ್ತಿದ್ದು ಆಯಾಳ ಮಾತು, ಸ್ವಾಹಿಲಿ. ಕನ್ನಡದಲ್ಲಿ ಕರೆದರೆ ಹತ್ತಿರ ಬರುತ್ತಿರಲಿಲ್ಲವಂತೆ. ಕೊನೆಕೊನೆಗೆ ಅಕ್ಕನೇ ಪುಸ್ತಕ ಇಟ್ಟುಕೊಂಡು ಸ್ವಾಹಿಲಿ ಕಲಿತು, ಮಲಗಿದಲ್ಲಿಂದಲೇ ಮಗುವಿನ ಜೊತೆ ಅದನ್ನೇ ಆಡುತ್ತಿದ್ದಳಂತೆ. ಆಮೇಲೆ ಅಕ್ಕ ಹೋಗಿಬಿಟ್ಟಳು. ಭಾವ ನಾಲ್ಕು ವರ್ಷದ ಮಗುವನ್ನೂ ಒಂದು ಕಬ್ಬಿಣದ ಟ್ರಂಕನ್ನೂ ತಂದು ನಮ್ಮನೆಯಲ್ಲಿಳಿಸಿ ವಾಪಸ್ ಹೊರಟರು, ಅಲ್ಲಿನ ಕೆಲಸದ ಗಡುವು ಇನ್ನೂ ಮುಗಿದಿರಲಿಲ್ಲ. "ಮಕ್ಕಳು ತಾನೆ, ಬೇಗ ಕಲಿತ್ಕೊಳ್ತಾಳೆ ಬಿಡಿ" ಅಂದರು, ಅಷ್ಟೇ. ನೀರಿಗೆ ಏನಂತಾಳೆ, ಅನ್ನಕ್ಕೆ ಏನಂತಾಳೆ, ಅಮ್ಮನಿಗೆ ಏನಂತಾಳೆ ಅಂತ ನಾಲ್ಕು ಮಾತು ಹೇಳಿಹೋಗಬಾರದಿತ್ತಾ ಆ ಮಹಾನುಭಾವರು? ನಾವಾದರೂ ಕೇಳಬೇಕಿತ್ತು. ಅಕ್ಕ ಹೋದ ಸಂಕಟದಲ್ಲಿ ಯಾರ ತಲೆಯೂ ಓಡಲಿಲ್ಲ.

ಅಣ್ಣ ಬಂದುಹೋದ ಮೇಲೆ ನಾನು ಟ್ರಂಕು ತೆಗೆದೆ. ಅಕ್ಕನ ಸೀರೆಗಳು, ಅವುಗಳಡಿಯಲ್ಲಿ ಆ ತೆಳ್ಳನೆಯ ಪುಸ್ತಕ, ಇಂಗ್ಲಿಷಿನ ಮೂಲಕ ಸ್ವಾಹಿಲಿ ಕಲಿಸುವಂಥದ್ದು. ಮೊದಲನೇ ಪಾಠದಲ್ಲೇ ಇತ್ತು, ಮಾಮಾ ಅಂದರೆ ತಾಯಿ.

ಅಯ್ಯೋ ಶಿವನೇ. ಮಗು ಅಮ್ಮ ಬೇಕು ಅಮ್ಮ ಬೇಕು ಅಂತ ಅತ್ತರೆ ನಾವು ಮೀಸೆಯವನೊಬ್ಬನನ್ನು ತಂದು, ಇಗೋ ಬಂದ ಅಂತ ತೋರಿಸಿದ್ದೆವು. ನಾನು ಪುಸ್ತಕ ಹಿಡಿದುಕೊಂಡೇ ಅಡುಗೆಮನೆಗೆ ಹೋಗಿ ಅಮ್ಮನಿಗೆ ಹೇಳಿದೆ. ಅಮ್ಮ ಊದುಕೊಳವೆ ಕೆಳಗಿಟ್ಟು ಸೆರಗು ಬಾಯಿಗೆ ತುರುಕಿಕೊಂಡಳು. ಅಡುಗೆಮನೆಯಲ್ಲಿ ಹೊಗೆ ತುಂಬಿಕೊಂಡರೂ ಇಬ್ಬರೂ ಎದ್ದು ಆಚೆಗೆ ಬರಲಿಲ್ಲ.

ನಾನು ಮಗುವಿನ ಮುಂದೆ ಕೂತು "ಮಾಮಾ" ಅಂದೆ. ಅದು ನನ್ನನ್ನು ದಿಟ್ಟಿಸಿ ನೋಡಿ ಗೋಡೆಗೆ ತಿರುಗಿಕೊಂಡಿತು. ಈಗ ಗೊತ್ತಾಯಿತಾ ಅನ್ನುವ ಹಾಗಿತ್ತು ಆ ನೋಟ. ಗೊತ್ತಾಗಿ ಏನು ಬಂತು, ಅಕ್ಕನನ್ನು ಎಲ್ಲಿಂದ ತರಲಿ?

ದಿನಗಳು ಹೋದವು, ವಾರಗಳು ಹೋದವು, ಮಗು ಉಸಿರೆತ್ತಲಿಲ್ಲ. ಕೊಟ್ಟಿದ್ದು ತಿನ್ನುತ್ತಿತ್ತು, ಮಲಗಿಸಿದಲ್ಲಿ ಮಲಗುತ್ತಿತ್ತು. ಕಡೂರಿನ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆವು. ಅವರು ಗಂಟಲು ನೋಡಿ, ಕಿವಿ ನೋಡಿ, "ಎಲ್ಲಾ ಸರಿಯಾಗಿದೆ ಕಣಮ್ಮ. ಮಾತಾಡೋಕೆ ಅದಕ್ಕೂ ಯಾರಾದ್ರೂ ಬೇಕಲ್ಲ" ಅಂದರು. ಪಕ್ಕದ ಮನೆಯಾಕೆ ಬೇಲಿ ಮೇಲಿಂದ ಬಗ್ಗಿ "ಅದು ಮೂಗೀನಾ ಕಣೇ?" ಅಂದಾಗ ನನಗೆ ಮೈಯೆಲ್ಲ ಉರಿದುಹೋಯಿತು. ನನಗೆ ಸಿಟ್ಟು ಮೊದಲಿಂದಲೂ ಮೂಗಿನ ತುದೀಲಿ. "ನಿಮ್ಮನೇಲಿರೋ ಬಾಯಿಗಳಿಗಿಂತ ನಮ್ಮನೆ ಮೂಗಿ ವಾಸಿ ಬಿಡ್ರೀ" ಅಂದೆ. ಅವತ್ತಿನಿಂದ ಆಕೆ ನಮ್ಮನೆಗೆ ಮಜ್ಜಿಗೆಗೆ ಬರುವುದು ನಿಂತಿತು. ನನಗಂತೂ ಒಂದೇ ಹಟ, ಈ ಮಗುವಿನ ಬಾಯಿಂದ ಒಂದು ಮಾತು ಕೇಳಬೇಕು. ಕೇಳದಿದ್ದರೆ ಅಕ್ಕನ ಗುರುತು ಅಂತ ಈ ಭೂಮಿ ಮೇಲೆ ಉಳಿದಿರುವುದೂ ಹೀಗೇ ಗೋಡೆ ನೋಡುತ್ತಾ ಒಣಗಿಹೋಗುತ್ತೆ ಅನ್ನಿಸಿಬಿಟ್ಟಿತ್ತು.

ನಾನಾಗ ಪಿಯುಸಿ ಮುಗಿಸಿ ಕಡೂರಿಗೆ ಟೈಪಿಂಗ್ ಕಲಿಯಲು ಪ್ಯಾಸೆಂಜರ್ ರೈಲಿನಲ್ಲಿ ಹೋಗಿಬರುತ್ತಿದ್ದೆ. ರೈಲಿನಲ್ಲಿ ಕೂತು ಆ ಪುಸ್ತಕ ಉರು ಹೊಡೆಯಲು ಶುರು ಮಾಡಿದೆ. ಎದುರಿಗೆ ಕೂತವರು ಹುಡುಗಿ ಏನೋ ಮಂತ್ರ ಹೇಳ್ಕೋತಿದೆ ಅಂತ ಸರಿದು ಕೂರುತ್ತಿದ್ದರು. ಪದಗಳು ಸುಲಭವಾಗಿಯೇ ಬಂದವು. ತಲೆ ಕೆಟ್ಟಿದ್ದು ಗುಣವಾಚಕಕ್ಕೆ.

ನಮ್ಮ ಕನ್ನಡದಲ್ಲಿ ಚಿಕ್ಕ ಅಂದರೆ ಚಿಕ್ಕ. ಚಿಕ್ಕ ಮಗು, ಚಿಕ್ಕ ಲೋಟ, ಚಿಕ್ಕ ಮರ, ಚಿಕ್ಕ ಸೈಕಲ್ಲು. ಒಂದಿರಲಿ, ನೂರಿರಲಿ, ಮನುಷ್ಯರಿರಲಿ, ಮಡಕೆ ಇರಲಿ, ಚಿಕ್ಕ ಅಲುಗಾಡಲ್ಲ. ಅಲ್ಲಿ ಹಾಗಿಲ್ಲ ಕಣ್ರೀ. ಅಲ್ಲಿ ಪದಗಳಿಗೆಲ್ಲ ಗುಂಪುಗಳಿವೆ. ಮನುಷ್ಯರದೊಂದು, ಮರಗಳದೊಂದು, ಪಾತ್ರೆ ಸಾಮಾನಿನದೊಂದು, ಇನ್ನೂ ಎಷ್ಟೋ. ಪದ ಯಾವ ಗುಂಪಿನದೋ ಆ ಗುಂಪಿನ ಅಕ್ಷರವನ್ನು ಗುಣವಾಚಕವೂ ತಲೆ ಮೇಲೆ ಹೊತ್ತುಕೊಳ್ಳಬೇಕು. ಚಿಕ್ಕ ಅನ್ನುವುದರ ಬುಡ ದೋಗೊ. ಮಗು ಚಿಕ್ಕದಾದರೆ ಮ್ದೋಗೊ. ಲೋಟ ಚಿಕ್ಕದಾದರೆ ಕಿದೋಗೊ. ಸೈಕಲ್ಲು ಚಿಕ್ಕದಾದರೆ ನ್ದೋಗೊ. ಒಂದು ಹೋಗಿ ಎರಡಾದರೆ ಮತ್ತೆ ಬೇರೆ ತಲೆ. ಯಾರಪ್ಪ ಕೂತು ಮಾಡಿದ್ದು ಇದನ್ನ ಅಂತ ಬೈದುಕೊಂಡೇ ಕಲಿತೆ. ಆಸ್ಪತ್ರೆಯ ಮಂಚದ ಮೇಲೆ ಅಕ್ಕ ಇದನ್ನೇ ಉರು ಹೊಡೆದಿರುತ್ತಾಳೆ ಅನ್ನುವುದು ನೆನಪಾದಾಗ ಮಾತ್ರ ಬೈಗುಳ ಗಂಟಲಲ್ಲೇ ನಿಲ್ಲುತ್ತಿತ್ತು.

ಅಪ್ಪನದು ಪೇಟೆಬೀದಿಯಲ್ಲಿ ಸೈಕಲ್ ಶಾಪು. ಬಾಡಿಗೆ ಸೈಕಲ್ಲು, ಪಂಕ್ಚರು, ರಿಪೇರಿ. ಮಧ್ಯಾಹ್ನ ಊಟ ಕೊಡಲು ಹೋಗುವಾಗ ಮಗುವನ್ನೂ ಕರೆದೊಯ್ಯುತ್ತಿದ್ದೆ. ಒಂದು ದಿನ ಶಾಪಿನ ಮುಂದೆ ನಿಂತಿದ್ದ ಮಕ್ಕಳ ಸೈಕಲ್ಲು ತೋರಿಸಿ, ಧೈರ್ಯ ಮಾಡಿ "ಬೈಸ್ಕೇಲಿ ನ್ದೋಗೊ" ಅಂದೆ. ಚಿಕ್ಕ ಸೈಕಲ್ಲು. ಮಗು ಸೈಕಲ್ಲು ನೋಡಿತು, ನನ್ನನ್ನು ನೋಡಿತು, ಸುಮ್ಮನಿತ್ತು. ಸರಿ, ಇದೂ ನೀರಲ್ಲಿ ಹೋಮ ಅಂದುಕೊಂಡೆ. ಆದರೂ ಹಿಂದಿನ ದಿನ ಪುಸ್ತಕದ ಇಂಗ್ಲಿಷಿನಲ್ಲಿ ಓದಿದ್ದೊಂದು ನಾಲಿಗೆ ತುದಿಯಲ್ಲಿ ಕುಣಿಯುತ್ತಿತ್ತು. ತಾಯಿಯ ತಂಗಿಗೆ ಆ ಜನ ಚಿಕ್ಕ ತಾಯಿ ಅಂತಲೇ ಅನ್ನುತ್ತಾರಂತೆ! ನಮ್ಮ ಹಾಗೇ, ಚಿಕ್ಕಮ್ಮ! ಅಷ್ಟು ದೂರದ ದೇಶದವರಿಗೂ ನಮಗೂ ಇದೊಂದು ಹೇಗೆ ಒಂದೇ ಆಯಿತು ಅಂತ ರೈಲಿನಲ್ಲಿ ಒಬ್ಬಳೇ ನಕ್ಕಿದ್ದೆ. ಎದೆ ಮುಟ್ಟಿಕೊಂಡು, ನಾನು ನಿನ್ನ ಚಿಕ್ಕಮ್ಮ ಅನ್ನುವ ಹಾಗೆ, "ಮಾಮಾ ನ್ದೋಗೊ" ಅಂದೆ.

"ಮ್ದೋಗೊ" ಅಂತು ಮಗು.

ಅಪ್ಪ ವೀಲು ತಿರುಗಿಸಿ ಬೆಂಡು ತೆಗೆಯುತ್ತಿದ್ದರು. ಸ್ಪ್ಯಾನರ್ ಹಿಡಿದ ಕೈ ಅಲ್ಲೇ ನಿಂತಿತು. "ಏನಂತು ಕಣೇ?"

"ತಪ್ಪು ಅಂತು ಅಪ್ಪ. ನಾನು ಹೇಳಿದ್ದು ತಪ್ಪಂತೆ."

ಅಪ್ಪ ಸ್ಪ್ಯಾನರ್ ಕೆಳಗೆ ಹಾಕಿ, ಗ್ರೀಸು ಮೆತ್ತಿದ ಕೈಯಲ್ಲೇ ಮಗುವನ್ನು ಎತ್ತಿಕೊಂಡರು. ಅವರು ಅತ್ತಿದ್ದನ್ನು ನಾನು ನೋಡಿದ್ದು ಅವತ್ತೊಂದು ಸಲ. ಅಕ್ಕನ ಸುದ್ದಿ ಬಂದಾಗಲೂ ಅತ್ತಿರಲಿಲ್ಲ.

ಮನೆಗೆ ಬಂದು ಪುಸ್ತಕ ತಿರುವಿದೆ. ಮುಂದಿನ ಪಾಠದಲ್ಲಿತ್ತು. ಮಾಮಾ ಅನ್ನುವುದು ನೋಡಲು ಸೈಕಲ್ಲಿನ ಗುಂಪಿನ ಪದದ ಹಾಗೇ ಕಾಣುತ್ತೆ, ತಲೆ ಮೇಲೆ ಅಕ್ಷರವಿಲ್ಲ. ಆದರೆ ಉಸಿರಾಡುವ ಜೀವ ಯಾವುದೇ ಇರಲಿ, ಪದ ಹೇಗೇ ಕಾಣಲಿ, ಅದರ ಗುಣವಾಚಕ ಮನುಷ್ಯರ ಗುಂಪಿನದನ್ನೇ ಹೊರಬೇಕು. ನಾನು ಅಮ್ಮನನ್ನು ತೆಗೆದುಕೊಂಡು ಹೋಗಿ ಸೈಕಲ್ಲಿನ ಸಾಲಿನಲ್ಲಿ ನಿಲ್ಲಿಸಿಬಿಟ್ಟಿದ್ದೆ. ಸೈಕಲ್ಲಿಗೆ ಸರಿಯಾಗಿ ಹೇಳಿದ್ದಕ್ಕೇ ಮಗು ಬಾಯಿ ಬಿಟ್ಟಿರಲಿಲ್ಲ. ಅಮ್ಮನನ್ನು ಸಾಮಾನು ಮಾಡಿದ್ದನ್ನು ಮಾತ್ರ ಸಹಿಸಲಿಲ್ಲ. ಅವತ್ತಿನಿಂದ ನನಗೂ ಅವಳನ್ನು "ಅದು" ಅನ್ನಲು ಬಾಯಿ ಬರಲಿಲ್ಲ. ಕನ್ನಡದಲ್ಲಿ ಮಗು ಅಂದರೆ ಅದು, ಬಂತು, ಹೋಯ್ತು. ಯಾರೂ ತಪ್ಪು ತಿಳಿಯುವುದಿಲ್ಲ. ನನಗೆ ಮಾತ್ರ ಅವಳು ಅವಳಾದಳು.

ಇನ್ನೊಂದು ಹೇಳಬೇಕು. ಆ ಒಂದು ಮಾತು ಹೇಳುವಾಗ ಅವಳು ಗದ್ದ ಮೇಲೆತ್ತಿ, ಕಣ್ಣು ಅರ್ಧ ಮುಚ್ಚಿ, ಕೊನೆಯ ಅಕ್ಷರವನ್ನು ಸ್ವಲ್ಪ ಎಳೆದಳು. ಅದು ಅಕ್ಕನದು. ನಾನು ಮಗ್ಗಿ ತಪ್ಪಿದಾಗೆಲ್ಲ ಅಕ್ಕ ಹಾಗೇ ಗದ್ದವೆತ್ತಿ, ಹಾಗೇ ಎಳೆದು ತಿದ್ದುತ್ತಿದ್ದಳು. ಹೊಡೆಯುತ್ತಿರಲಿಲ್ಲ, ಬೈಯುತ್ತಿರಲಿಲ್ಲ, ಆ ಎಳೆತವೊಂದೇ ಸಾಕಿತ್ತು ನನಗೆ ರೇಗಲು. ಸತ್ತವಳ ಧ್ವನಿ ನಾಲ್ಕು ವರ್ಷದವಳ ಬಾಯಿಂದ ಬಂದಿತ್ತು. ಇನ್ನೊಂದು ಸಲ ಕೇಳಬೇಕು ಅನ್ನಿಸಿತು. ಅದಕ್ಕಿದ್ದ ದಾರಿ ಒಂದೇ, ನಾನು ತಪ್ಪು ಮಾಡಬೇಕು.

ಮಾಡಿದೆ. ಬೇಕಂತಲೇ ಮಾಡಿದೆ. ಸರಿಯಾಗಿ ಕಲಿಯಬೇಕು, ಕಲಿತು ಸರಿಯಾಗಿ ತಪ್ಪಬೇಕು. ಅಜ್ಜಂಪುರದಲ್ಲಿ ದನಗಳಿಗೇನು ಬರವೇ, ಅಮೃತಮಹಲ್ ದನಗಳು ಕೊಂಬು ಎತ್ತಿಕೊಂಡು ಬೀದಿಯ ಕೊನೆಯಲ್ಲಿ ಹೋಗುತ್ತಿದ್ದವು. ಕ ಖ ಗ ಘ ಙ ಅಂತ ಶಾಲೆಯಲ್ಲಿ ಕಲಿತು ಜನ್ಮದಲ್ಲಿ ಬಳಸದ ಆ ಙ ಕೊನೆಗೂ ಕೆಲಸಕ್ಕೆ ಬಂತು, ದನಕ್ಕೆ ಅಲ್ಲಿ ಙೋಂಬೆ ಅನ್ನುತ್ತಾರೆ. ನಾನು "ಙೋಂಬೆ ಕೂಬ್ವಾ" ಅನ್ನುತ್ತಿದ್ದೆ, ದೊಡ್ಡ ದನ. ಅವಳು ಗದ್ದವೆತ್ತಿ "ಮ್ಕೂಬ್ವಾ" ಅನ್ನುತ್ತಿದ್ದಳು. ದನವೂ ಜೀವ ತಾನೆ, ಮನುಷ್ಯರ ಗುಂಪಿನ ಗೌರವ ಅದಕ್ಕೂ ಉಂಟು. ಅದರ ಕೊಂಬಿಗೆ ಮಾತ್ರ ಬರೀ ಕೂಬ್ವಾ ಸಾಕು. ಲೋಟಕ್ಕೆ ಮನುಷ್ಯರ ಅಕ್ಷರ ಹಾಕುತ್ತಿದ್ದೆ, ಅಮ್ಮನಿಗೆ ಮರದ್ದು. ಅವಳು ತಿದ್ದಿ ತಿದ್ದಿ ಹಣೆ ಚಚ್ಚಿಕೊಳ್ಳುತ್ತಿದ್ದಳು, ಎಂಥ ದಡ್ಡಿ ಇವಳು ಅನ್ನುವ ಹಾಗೆ. ತಾನಾಗಿ ಮಾತ್ರ ಒಂದು ಮಾತೂ ಆಡುತ್ತಿರಲಿಲ್ಲ. ತಿದ್ದುವುದೊಂದೇ. ಅದಾದರೂ ಸಿಕ್ಕಿತಲ್ಲ ಅಂತ ನಾನು ದಿನವೆಲ್ಲ ತಪ್ಪುತ್ತಾ ತಿರುಗಿದೆ. ನನ್ನಮ್ಮ ನಮ್ಮಿಬ್ಬರನ್ನೂ ನೋಡಿ "ಇವಳಿಗೂ ಏನಾದ್ರೂ ಹಿಡೀತಾ" ಅಂತ ಅಪ್ಪನ ಹತ್ತಿರ ಪಿಸುಗುಟ್ಟಿದಳಂತೆ.

ತರೀಕೆರೆಯ ಬಸ್‌ಸ್ಟ್ಯಾಂಡಿನ ಹಿಂದೆ ಒಬ್ಬರು ಸಾಬರು ಟೈಲರ್ ಅಂಗಡಿ ಇಟ್ಟಿದ್ದಾರೆ, ವಯಸ್ಸಿನಲ್ಲಿ ಟಾಂಜಾನಿಯಾದ ದಾರ್-ಎಸ್-ಸಲಾಮ್‌ನಲ್ಲಿದ್ದವರಂತೆ ಅಂತ ಅಣ್ಣ ಪತ್ತೆ ಮಾಡಿ ಹೇಳಿದ. ಮೀಸೆಯ ಪಾಪ ತೊಳೆದುಕೊಳ್ಳಬೇಕಿತ್ತೇನೋ ಅವನಿಗೂ. ನಾನು ಮಗುವನ್ನು ಹೊರಡಿಸಿಕೊಂಡು ಹೋದೆ. ಸಾಬರು ಮೆಷಿನ್ ನಿಲ್ಲಿಸಿ, ಕನ್ನಡಕ ಹಣೆಗೇರಿಸಿ, "ಆವೋ ಬೇಟೀ" ಅಂತ ಮಗುವಿನ ಕೆನ್ನೆ ತಟ್ಟಿ, "ಮ್ತೋತೊ ಜೂರಿ!" ಅಂದರು. ಒಳ್ಳೆ ಮಗು ಅಂತ.

"ಮ್ಜೂರಿ" ಅಂದಳು ಇವಳು ತಟ್ಟನೆ.

ಸಾಬರು ಮೇಜಿನ ಮೇಲಿನ ಬಟ್ಟೆ ಎತ್ತಿ "ಕಿತಂಬಾ ಕೂಬ್ವಾ" ಅಂದರು, ದೊಡ್ಡ ಬಟ್ಟೆ. "ಕಿಕೂಬ್ವಾ" ಅಂದಳು. ಅವರು ಒಂದು ಹೇಳಿದರೆ ಇವಳು ಒಂದು ತಿದ್ದಿದಳು. ಸಾಬರು ಹೊಟ್ಟೆ ಹಿಡಿದುಕೊಂಡು ನಕ್ಕರು. "ಅರೆ ಅಲ್ಲಾ! ಮೇಡಂ ಬಂದ್ಬಿಟ್ರು ನನ್ನ ಅಂಗಡೀಗೆ! ನಮ್ದು ಅಂಗಡಿ ಮಾತು ಬೇಟೀ. ಅಲ್ಲಿ ಗಿರಾಕಿ ಹತ್ರ ನಾವು ನಮ್ಮ ಕಡೆಯವರು ಹೀಗೇ ಆಡ್ತಿದ್ವಿ. ಆ ಮುಂದಿನ ಅಕ್ಷರ ಎಲ್ಲಾ ಕತ್ತರಿ ಹಾಕಿ ಬಿಸಾಕೋದು. ದೊಡ್ಡದು ಅಂದ್ರೆ ಕೂಬ್ವಾ, ಮುಗೀತು. ಅವರು ನಗ್ತಿದ್ರು, ಬಟ್ಟೆ ಮಾತ್ರ ತಗೋತಿದ್ರು."

ನಾನು ಪುಸ್ತಕದ ಅನುಮಾನಗಳನ್ನೆಲ್ಲ ಗಂಟು ಕಟ್ಟಿಕೊಂಡು ಹೋಗಿದ್ದೆ. ಗಂಟು ಬಿಚ್ಚದೆ ವಾಪಸ್ ತಂದೆ. ಆದರೆ ಮಗು ಅವತ್ತು ನಕ್ಕಿದ್ದಳು. ಅವಳ ಹಲ್ಲು ನಾನು ಸರಿಯಾಗಿ ನೋಡಿದ್ದು ಆಗಲೇ. ಹೊರಡುವಾಗ ಸಾಬರು ಅವಳ ಕೈಗೆ ಬಣ್ಣದ ಬಟ್ಟೆ ಚೂರುಗಳನ್ನು ತುಂಬಿಸಿ, ನನಗೆ ಮಾತ್ರ ಕೇಳುವ ಹಾಗೆ ಹೇಳಿದರು, "ಹೋಗಿಬಿಡುತ್ತೆ ಬೇಟೀ ಇದು. ನನ್ನ ಮಗ ಅಲ್ಲೇ ಹುಟ್ಟಿದ್ದು. ಇಲ್ಲಿಗೆ ಬಂದಾಗ ಹೀಗೇ ಪಟಪಟ ಅಂತಿದ್ದ. ಒಂದು ಮಳೆಗಾಲ ಆಯ್ತು, ಎಲ್ಲಾ ಹೋಯ್ತು. ಮಾಜಿ ಅಂದ್ರೆ ಅಲ್ಲಿ ನೀರು. ಈಗ ಅವನ್ನ ಕೇಳಿ, ಮಾಜಿ ಅಂದ್ರೆ ಹಳೇ ಎಮ್ಮೆಲ್ಲೆ ಅಂತಾನೆ." ನಾನು ನಗಲಿಲ್ಲ. ಬಸ್ಸಿನಲ್ಲಿ ಮಗು ನನ್ನ ತೊಡೆ ಮೇಲೆ ನಿದ್ದೆ ಹೋದಳು, ನಾನು ಲಿಂಗದಹಳ್ಳಿ ಕಡೆಯ ಗುಡ್ಡಗಳನ್ನು ನೋಡುತ್ತಾ ಸಾಬರ ಮಾತು ಸುಳ್ಳಾಗಲಿ ಸುಳ್ಳಾಗಲಿ ಅಂತ ಬೇಡಿಕೊಂಡೆ.

ಸುಳ್ಳಾಗಲಿಲ್ಲ. ಮೊದಲು ಬಂದ ಕನ್ನಡ "ಬೇಡ". ಆಮೇಲೆ "ತಾತ". ಆಮೇಲೆ ಕಟ್ಟೆ ಒಡೆದ ಹಾಗೆ ಎಲ್ಲವೂ ಬಂತು. ಪೇಟೆಬೀದಿಯ ಮಕ್ಕಳ ಜೊತೆ ಆಡಿ ಆಡಿ, "ಲೇ ಬಾರೋ", "ನಂಗೊತ್ತಿಲ್ಲ ಕಣೇ", "ಹೊಡಿತೀನ್ ನೋಡು". ಮನೆಯಲ್ಲಿ ಹಬ್ಬ. ಅಮ್ಮ ದೇವರಿಗೆ ತುಪ್ಪದ ದೀಪ ಹಚ್ಚಿದಳು. ಪಕ್ಕದ ಮನೆಯಾಕೆ ಮತ್ತೆ ಮಜ್ಜಿಗೆಗೆ ಬರತೊಡಗಿದಳು. ನನ್ನನ್ನು "ಚಿಕ್ಕಮ್ಮ" ಅಂತ ಮೊದಲ ಸಲ ಕರೆದಾಗ ಎತ್ತಿ ಮುದ್ದಾಡಿದೆ, ಸುಳ್ಳು ಹೇಳಲ್ಲ. ಆದರೆ ಒಳಗೊಳಗೇ ಹೊಟ್ಟೆಯುರಿ. ಅವಳು ಒಂದು ಹೊಸ ಕನ್ನಡ ಮಾತು ಕಲಿತ ದಿನ ನನಗೆ ಊಟ ಸೇರುತ್ತಿರಲಿಲ್ಲ, ಇವತ್ತು ಅಲ್ಲಿಂದ ಯಾವುದು ಹೋಯಿತೋ ಅಂತ. ಅಮ್ಮನ ಹತ್ತಿರ "ಅವಳ ಜೊತೆ ಅಷ್ಟೊಂದು ಮಾತಾಡಬೇಡ" ಅಂದು ಬೈಸಿಕೊಂಡೆ. "ನಿಂಗೇನ್ ಬಂದಿದೆ ಕಣೇ? ಮಗು ಮಾತಾಡ್ಲಿ ಅಂತ ಹರಕೆ ಹೊತ್ಕೊಂಡವಳು ನೀನೇ ಅಲ್ವಾ?" ಅಂದಳು. ಮಗು ಮಾತಾಡಬೇಕಿತ್ತು, ಅಕ್ಕನೂ ಮಾತಾಡಬೇಕಿತ್ತು. ಎರಡೂ ಬೇಕಿತ್ತು ನನಗೆ.

ತಿದ್ದುವುದು ಕಡಿಮೆಯಾಯಿತು. ನಾನು "ಮಾಮಾ ನ್ದೋಗೊ" ಅಂದರೆ ಆಟದಿಂದ ತಲೆ ಎತ್ತದೆ "ಮ್ದೋಗೊ" ಅನ್ನುತ್ತಿದ್ದಳು, ಗದ್ದ ಏಳುತ್ತಿರಲಿಲ್ಲ. ಆಮೇಲೆ ಕೊಂಚ ಯೋಚನೆ ಮಾಡಿ ಹೇಳುತ್ತಿದ್ದಳು. ಆಮೇಲೆ ಒಂದು ದಿನ ದನ ತೋರಿಸಿ "ಙೋಂಬೆ ಕೂಬ್ವಾ" ಅಂದರೆ "ಹ್ಞೂಂ" ಅಂದುಬಿಟ್ಟಳು. ನಾನು ಮತ್ತೆ ಹೇಳಿದೆ, ದನಿಯೆತ್ತಿ ಹೇಳಿದೆ. "ಹ್ಞೂಂ ಅಂದ್ನಲ್ಲ ಚಿಕ್ಕಮ್ಮ" ಅಂದು ಓಡಿಹೋದಳು. ನಾನು ಬೀದಿಯಲ್ಲಿ ನಿಂತೇ ಅತ್ತೆ. ದನ ಕಾಯುವವನು "ಯಾಕ್ರವ್ವಾ, ಹಾಯ್ತಾ?" ಅಂತ ಕೇಳಿದ. ಶಾಲೆಗೆ ಸೇರಿಸುವ ಹೊತ್ತಿಗೆ ಅವಳ ಬಾಯಲ್ಲಿ ಉಳಿದಿದ್ದು ಮ್ದೋಗೊ ಒಂದೇ, ಅದೂ ಯಾವಾಗಲಾದರೊಮ್ಮೆ. ನಾನು ಅದನ್ನು ದಿನಾ ಕೇಳಿ ಸವೆಸಬಾರದು ಅಂತ ಕೇಳುವುದನ್ನೇ ನಿಲ್ಲಿಸಿದೆ.

ಇಷ್ಟರಲ್ಲಿ ಮನೆಯಲ್ಲಿ ಇನ್ನೊಂದು ಮಾತು ನಡೆದಿತ್ತು, ನನ್ನನ್ನೊಬ್ಬಳನ್ನು ಬಿಟ್ಟು ಎಲ್ಲರ ಜೊತೆ. ಭಾವ ಬಂದ ಮೇಲೆ ನನ್ನನ್ನು ಅವರಿಗೇ ಕೊಡುವುದು ಅಂತ. "ಮಗಳು ಹೋದ್ಲು ಅಂತ ಸಂಬಂಧ ಬಿಡೋಕಾಗುತ್ತಾ? ಮಗು ಹೇಗೂ ಚಿಕ್ಕಮ್ಮ ಅಂತಾಳೆ. ಮಲತಾಯಿಗೂ ಚಿಕ್ಕಮ್ಮ ಅಂತಲೇ ತಾನೆ ಅನ್ನೋದು, ಕರೆಯೋದೂ ಬದಲಾಗೋದು ಬೇಡ" ಅಂತ ಅಮ್ಮ ಬಂದವರಿಗೆಲ್ಲ ಹೇಳುತ್ತಿದ್ದಳು. ನನಗೆ ಕೆಂಡದಂಥ ಸಿಟ್ಟು. ಇಷ್ಟ ಇದೆಯಾ ಅಂತ ಒಂದು ಮಾತು ಕೇಳಬಾರದಾ? ಕೇಳಿದ್ದರೆ ಹ್ಞೂಂ ಅನ್ನುತ್ತಿದ್ದೆ. ಭಾವನ ಮುಖ ನೆನಪಿಸಿಕೊಂಡರೆ ನನಗೆ ಏನೂ ಅನ್ನಿಸುತ್ತಿರಲಿಲ್ಲ. ಆದರೆ ಮಗು ನನ್ನ ಹತ್ತಿರ ಇರುತ್ತಾಳೆ, ಅವಳು ಹೋದಲ್ಲಿಗೆ ನಾನೂ ಹೋಗುತ್ತೇನೆ, ಆ ದೇಶಕ್ಕೇ ಹೋದರೆ ಆ ಮಾತು ಅವಳಿಗೆ ಮತ್ತೆ ಬರುತ್ತೆ, ಗದ್ದ ಮತ್ತೆ ಏಳುತ್ತೆ. ಅಷ್ಟಕ್ಕೆ ನಾನು ಯಾರಿಗೆ ಬೇಕಾದರೂ ಕುತ್ತಿಗೆ ಕೊಡಲು ತಯಾರಿದ್ದೆ. ಬಾಯಿಬಿಟ್ಟು ಹೇಳುವ ಕಾಲ ಅಲ್ಲ ಅದು.

ಎಂಬತ್ತರ ದಶಕ ಶುರುವಾಗಿತ್ತು. ಭಾವ ಬಂದರು, ಮದುವೆ ಮಾಡಿಕೊಂಡೇ ಬಂದರು. ಸಖರಾಯಪಟ್ಟಣದಲ್ಲಿ ಅವರಕ್ಕ ನೋಡಿಟ್ಟಿದ್ದ ಹುಡುಗಿ, ಬಿ.ಎಡ್ ಆಗಿತ್ತು, ಟಾಂಜಾನಿಯಾದ ಸ್ಕೂಲಿನಲ್ಲಿ ಕೆಲಸ ಸಿಗುತ್ತದಂತೆ. ಇಬ್ಬರೂ ನಮ್ಮನೆಗೆ ಊಟಕ್ಕೆ ಬಂದು, ಅಪ್ಪ ಅಮ್ಮನ ಕಾಲಿಗೆ ನಮಸ್ಕಾರ ಮಾಡಿದರು. ಅಮ್ಮನ ಕೈಯಲ್ಲಿದ್ದ ಅಕ್ಷತೆ ಅರ್ಧ ನೆಲಕ್ಕೆ ಬಿತ್ತು. ನಾನು ಬಡಿಸಿದೆ. ಕೊಡುತ್ತೇವೆ ಅಂತ ತೀರ್ಮಾನ ಮಾಡುವಾಗ ನನ್ನನ್ನು ಕೇಳಲಿಲ್ಲ, ಬೇಡ ಅಂತ ತೀರ್ಮಾನ ಮಾಡುವಾಗಲೂ ಕೇಳಲಿಲ್ಲ. ಥೂ, ಇದೆಂಥ ಬಾಳು ಅನ್ನಿಸಿತು. ಆಕೆ ಕೆಟ್ಟವಳಲ್ಲ. ಊಟವಾದ ಮೇಲೆ ಮಗುವನ್ನು ಹತ್ತಿರ ಕರೆದು, ಬಿಚ್ಚಿಹೋಗಿದ್ದ ಜಡೆಯ ಟೇಪು ನೋವಾಗದ ಹಾಗೆ ಕಟ್ಟಿದಳು. ಕೆಟ್ಟವಳಾಗಿದ್ದರೆ ಬೈದುಕೊಂಡಾದರೂ ಹಗುರಾಗುತ್ತಿದ್ದೆ.

"ಇವ್ರು ನಿನ್ ಚಿಕ್ಕಮ್ಮ" ಅಂತ ಭಾವ ಮಗುವಿಗೆ ಹೇಳಿದರು. ಮಗು ನನ್ನ ಕಡೆ ನೋಡಿದಳು. ನಾನು ಎಂಜಲೆಲೆ ಎತ್ತಿಕೊಂಡು ಹಿತ್ತಿಲಿಗೆ ಹೋದೆ.

ಭಾವನ ಕೆಲಸ ಅಲ್ಲಿ ಇನ್ನೂ ಮುಂದುವರಿದಿತ್ತು, ಮಗುವನ್ನೂ ಅಲ್ಲಿಗೇ ಕರೆದುಕೊಂಡು ಹೋಗುತ್ತಾರೆ ಅನ್ನುವುದು ಆಗ ಗೊತ್ತಾಯಿತು. ನಾನು ನಾಚಿಕೆ ಬಿಟ್ಟು ಭಾವನ ಮುಂದೆ ನಿಂತೆ. "ಅವಳಿಗೆ ಅಲ್ಲಿನ ಮಾತು ಪೂರ್ತಿ ಮರೆತುಹೋಗಿದೆ ಭಾವ. ಮತ್ತೆ ಮೂಗಿ ಥರ ಕೂತ್ಕೋತಾಳೆ. ಇನ್ನೊಂದೆರಡು ವರ್ಷ ಇಲ್ಲೇ ಬಿಟ್ಟುಹೋಗಿ."

"ಮಕ್ಕಳು ತಾನೆ, ಬೇಗ ಕಲಿತ್ಕೊಳ್ತಾಳೆ ಬಿಡು" ಅಂದರು ಭಾವ.

ಅದೇ ಮಾತು. ಮಗುವನ್ನು ತಂದು ಬಿಟ್ಟಾಗ ಹೇಳಿದ್ದೇ, ತೆಗೆದುಕೊಂಡು ಹೋಗುವಾಗಲೂ. ನನಗೆ ಅವರ ಕೊರಳಪಟ್ಟಿ ಹಿಡಿಯಬೇಕು ಅನ್ನಿಸಿತು. ಅಪ್ಪ ಬಾಗಿಲಲ್ಲಿ ನಿಂತು "ತಂದೆ ಕಣಮ್ಮ ಅವರು" ಅಂದರು. ಅಲ್ಲಿಗೆ ಮುಗಿಯಿತು. ಅಪ್ಪ ಆ ಮಕ್ಕಳ ಸೈಕಲ್ಲಿಗೆ ಹೊಸ ಪೇಂಟ್ ಹೊಡೆದು ಇಟ್ಟಿದ್ದರು, ಅವಳ ಹುಟ್ಟುಹಬ್ಬಕ್ಕೆ ಅಂತ. ವಿಮಾನದಲ್ಲಿ ಒಯ್ಯಲು ಆಗುವುದಿಲ್ಲವಂತೆ.

ಕಡೂರಿನ ಬಸ್‌ಸ್ಟ್ಯಾಂಡಿಗೆ ನಾನೂ ಅಪ್ಪನೂ ಬಿಡಲು ಹೋದೆವು. ಅಮ್ಮ ಬರಲಿಲ್ಲ, ಒಲೆ ಮುಂದಿನಿಂದ ಏಳಲಿಲ್ಲ. ಬೆಂಗಳೂರಿನ ಬಸ್ಸು ಬಂದು ನಿಂತಿತ್ತು. ಭಾವ ಮೇಲೆ ಹತ್ತಿ ಅಕ್ಕನ ಅದೇ ಟ್ರಂಕು ಕಟ್ಟಿಸುತ್ತಿದ್ದರು. ಪುಸ್ತಕವನ್ನು ಮತ್ತೆ ಅದರೊಳಗೇ ಇಟ್ಟಿದ್ದೆ, ನನಗೆ ಇನ್ನು ಯಾತಕ್ಕೆ ಅಂತ. ಮಗುವನ್ನು ಕಿಟಕಿಯ ಪಕ್ಕ ಕೂರಿಸಿದ್ದರು. ಸರಳು ಹಿಡಿದು ನನ್ನನ್ನೇ ನೋಡುತ್ತಿದ್ದಳು, ಏನೋ ಬಹಳ ಹೊತ್ತಿನಿಂದ ತಲೆಯಲ್ಲಿ ತಿರುಗುತ್ತಿರುವ ಹಾಗೆ.

"ಇವ್ರು ಚಿಕ್ಕಮ್ಮ ಆದ್ರೆ ನೀನ್ಯಾರು?" ಅಂದಳು.

ಒಳಗೆ ಕೂತಿದ್ದ ಆಕೆ ಮುಖ ಆ ಕಡೆ ತಿರುಗಿಸಿಕೊಂಡಳು. ಚಿಕ್ಕಮ್ಮ ಅನ್ನುವುದೂ ಹೋಗಿತ್ತು. ಕನ್ನಡದಲ್ಲಿ ಅವಳಿಗೆ ಕೊಡಲು ನನ್ನ ಹತ್ತಿರ ಏನೂ ಉಳಿದಿರಲಿಲ್ಲ. ಎಷ್ಟೋ ತಿಂಗಳಿಂದ ಜೋಪಾನ ಮಾಡಿ ಇಟ್ಟಿದ್ದು ಒಂದಿತ್ತು. ಕೊನೇ ಸಲ ಕೇಳಿಬಿಡೋಣ, ಒಂದೇ ಒಂದು ಸಲ ಗದ್ದವೆತ್ತಲಿ ಅಂತ, ನಾನು ಎದೆ ಮುಟ್ಟಿಕೊಂಡು, ತಪ್ಪಾಗಿಯೇ, ಬೇಕಂತಲೇ, "ಮಾಮಾ ನ್ದೋಗೊ" ಅಂದೆ.

ಅವಳು ಹುಬ್ಬು ಗಂಟಿಕ್ಕಿದಳು. ಎಂಜಿನ್ ಶುರುವಾಯಿತು, ಕಂಡಕ್ಟರು ಬಾಗಿಲು ಬಡಿದ.

"ಮಾಮಾ ನ್ದೋಗೊ" ಅಂದಳು. ಶಾಲೆಯಲ್ಲಿ ಮೇಷ್ಟ್ರು ಹೇಳಿದ್ದನ್ನು ಒಪ್ಪಿಸುವ ಹಾಗೆ, ನೀಟಾಗಿ, ನಾನು ಹೇಳಿದ್ದು ಹೇಳಿದ ಹಾಗೇ. ಅದು ತನಗೆ ಗೊತ್ತಿದ್ದ ಮಾತು ಅಂತಲೂ ಅವಳಿಗೆ ನೆನಪಿರಲಿಲ್ಲ. ಮರೆಯದಿರಲಿ ಅಂತ ಇನ್ನೊಂದು ಸಲ ಹೇಳಿಕೊಂಡಳು, "ಮಾಮಾ ನ್ದೋಗೊ, ಅಲ್ವಾ?"

ಅಲ್ಲ ಕಣೇ, ಮ್ದೋಗೊ ಅಂತ ನಾನು ಕೂಗಿದೆ. ಬಸ್ಸು ಬಿ.ಎಚ್. ರೋಡಿಗೆ ತಿರುಗಿಬಿಟ್ಟಿತ್ತು. ಅಪ್ಪ ನನ್ನ ಭುಜದ ಮೇಲೆ ಕೈಯಿಟ್ಟು "ಏನಂದ್ಲು ಕಣೇ?" ಅಂದರು, ಅವತ್ತು ಶಾಪಿನಲ್ಲಿ ಕೇಳಿದ ಹಾಗೆಯೇ. ಸರಿ ಅಂದ್ಲು ಅಪ್ಪ, ನಾನು ಹೇಳಿದ್ದೇ ಸರಿ ಅಂದ್ಲು, ಅಂದೆ.

ಅಲ್ಲಿಗೆ ಹೋಗಿ ಯಾರ ಮುಂದಾದರೂ ಅವಳು ಅದನ್ನೇ ಹೇಳಿರುತ್ತಾಳೆ, ಊರಲ್ಲಿ ನನಗೊಬ್ಬಳು ಮಾಮಾ ನ್ದೋಗೊ ಇದಾಳೆ ಅಂತ. ಆ ಊರಿನ ಮಕ್ಕಳು ಕೇಳಿ ನಕ್ಕು, ತಿದ್ದಿರುತ್ತಾರೆ.